ಕೂಡಿ ಆಡುವವರ ಜಗಳ

1985ರಲ್ಲಿ ಅಟಾರಿ ಗೇಮ್ಸ್ ಸಂಸ್ಥೆ ಹೊರತಂದ 'ಗಾಂಟ್ಲೆಟ್' ಎಂಬ ಆರ್ಕೇಡ್ ಆಟವು, ಅಂದರೆ ನಾಣ್ಯ ಹಾಕಿ ಆಡುವ ಯಂತ್ರದಾಟವು, ನಾಲ್ವರನ್ನು ಒಂದೇ ಪರದೆಯ ಮುಂದೆ ನಿಲ್ಲಿಸಿ ಭೂತಗಳ ವಿರುದ್ಧ ಒಗ್ಗೂಡಿಸಿತಾದರೂ, ದಾರಿಯಲ್ಲಿ ಸಿಕ್ಕ ಊಟ ಯಾರ ಪಾಲಿಗೆ ಎಂಬ ಪ್ರಶ್ನೆಯನ್ನು ಅವರವರಿಗೇ ಬಿಟ್ಟಿತು. ಆಟಗಾರರ ಪ್ರಾಣಬಲವು ಕ್ಷಣಕ್ಷಣಕ್ಕೂ ಕರಗುತ್ತ, ಮತ್ತೊಂದು ನಾಣ್ಯ ಬಿದ್ದರೆ ಚಿಗುರುತ್ತಿದ್ದುದರಿಂದ, ಈ ಸಹಕಾರದಿಂದ ನಿಜವಾಗಿ ಉದ್ಧಾರವಾದವನು ಯಂತ್ರದ ಮಾಲೀಕನೇ ಎನ್ನಬೇಕು. 2016ರ 'ಓವರ್‌ಕುಕ್ಡ್' ಬರುವ ಹೊತ್ತಿಗೆ ಭೂತಗಳ ಅಗತ್ಯವೂ ಉಳಿಯಲಿಲ್ಲ: ಈರುಳ್ಳಿ ಹೆಚ್ಚುವವರು, ಸೂಪು ಕುದಿಸುವವರು, ತಟ್ಟೆ ತೊಳೆಯುವವರು ಎಂದು ಕೆಲಸ ಹಂಚಿಕೊಂಡ ಗೆಳೆಯರು, ಒಲೆಯ ಮೇಲಿನ ಪಾತ್ರೆಗೆ ಬೆಂಕಿ ಹತ್ತಿದೊಡನೆ ಅದನ್ನು ಆರಿಸುವುದಕ್ಕಿಂತ ಮೊದಲು ತಪ್ಪಿತಸ್ಥನನ್ನು ಹುಡುಕುತ್ತಾರೆ. ಒಬ್ಬರೇ ಆಡಲು ಬಾರದ 2021ರ 'ಇಟ್ ಟೇಕ್ಸ್ ಟೂ' ಆಟವಂತೂ ವಿಚ್ಛೇದನಕ್ಕೆ ಹೊರಟ ದಂಪತಿಯನ್ನೇ ಬೊಂಬೆಗಳಾಗಿಸಿ ಕೂಡಿ ದುಡಿಸುತ್ತದೆ. ಅದನ್ನು ಆಡಲು ಕುಳಿತ ದಂಪತಿಯ ಗತಿಯೇನು ಎಂಬುದನ್ನು ಆಟವು ವಿಚಾರಿಸುವುದಿಲ್ಲ.