ಇಪ್ಪತ್ತನಾಲ್ಕರಲ್ಲೊಂದು ಕಾರು

ನಮ್ಮ ಮನೆಯಲ್ಲಿ ಎರಡು ಜಾತಿಯ ಕಾರುಗಳಿವೆ. ಅಂಗಳದಲ್ಲಿರುವುದು ಓಡುತ್ತದೆ, ಅದಕ್ಕೆ ಸ್ನಾನ ಮಾಡಿಸುವ ಹೊಣೆಯನ್ನು ಮಳೆರಾಯನಿಗೆ ಬಿಟ್ಟಿದ್ದೇನೆ. ಗಾಜಿನ ಕಪಾಟಿನಲ್ಲಿರುವವು ಓಡುವುದಿಲ್ಲ. ಅವುಗಳ ಮೈಯನ್ನು ವಾಟರ್ ಪೇಪರಿನಿಂದ ಉಜ್ಜಿ, ಪಾಲಿಶ್ ತಿಕ್ಕಿ, ಕನ್ನಡಕ ಹಾಕಿಕೊಂಡು ಒಮ್ಮೆ, ತೆಗೆದು ಒಮ್ಮೆ ನೋಡುತ್ತೇನೆ. ಈ ಪಂಕ್ತಿಭೇದ ಅಂಗಳದ ಕಾರಿಗೂ ತಿಳಿದಂತಿದೆ. ಅವಸರವಿದ್ದ ದಿನವೇ ಸ್ಟಾರ್ಟ್ ಆಗಲು ಸತಾಯಿಸುತ್ತದೆ.

ಸ್ಕೇಲ್ ಮಾಡೆಲ್ ಬೇರೆ, ಆಟಿಕೆ ಬೇರೆ ಎಂದು ನೆಂಟರಿಷ್ಟರಿಗೆ ತಿಳಿಹೇಳುವುದನ್ನು ಬಿಟ್ಟು ಬಹಳ ಕಾಲವಾಯಿತು. "ಮೊಮ್ಮಗನಿಗಾ?" ಎಂದು ಕೇಳಿದರೆ ಹೌದು ಅಂದುಬಿಡುತ್ತೇನೆ. ಮೊಮ್ಮಗ ಇನ್ನೂ ಹುಟ್ಟಿಲ್ಲ.

ಪೆಟ್ಟಿಗೆಯ ಮೇಲೆ ಚಂದದ ಕಾರಿನ ಚಿತ್ರವಿದ್ದರೂ ತೆರೆದರೆ ಒಳಗೆ ಕಾರೇನೂ ಇರುವುದಿಲ್ಲ. ಪ್ಲಾಸ್ಟಿಕ್ ಚೌಕಟ್ಟುಗಳಿಗೆ ಅಂಟಿಕೊಂಡ ಬಾಗಿಲ ಹಿಡಿ, ವೈಪರ್, ಸೈಲೆನ್ಸರ್, ಸೀಟು ಇವೆಲ್ಲ ಇರುತ್ತವೆ. ಒಂದೊಂದನ್ನೇ ಕತ್ತರಿಸಿ, ಅಂಚು ಕೆರೆದು, ಬಣ್ಣ ಕೊಟ್ಟು ಜೋಡಿಸಬೇಕು. ಇದಕ್ಕೆ ಬಳಸುವ ಅಂಟು ಅಸಲಿಗೆ ಅಂಟೇ ಅಲ್ಲ. ಪ್ಲಾಸ್ಟಿಕ್ಕಿನ ಎರಡೂ ಅಂಚುಗಳನ್ನು ಒಂದಿಷ್ಟು ಕರಗಿಸಿ ಒಂದರೊಳಗೊಂದು ಬೆರೆಸಿಬಿಡುವ ದ್ರಾವಕ. ಕತ್ತರಿಸುವಾಗ ವೈಪರ್ ಚಿಮ್ಮಿ ನೆಲಕ್ಕೆ ಬಿತ್ತೆಂದರೆ ಮನೆಯಲ್ಲಿ ನಿಷೇಧಾಜ್ಞೆ ಜಾರಿಯಾಗುತ್ತದೆ. ಅದು ಸಿಗುವವರೆಗೆ ಯಾರೂ ಹಿಡಿಸೂಡಿ ಮುಟ್ಟುವಂತಿಲ್ಲ. ಈ ನಿಯಮ ಮನೆಮಂದಿಗೆಲ್ಲ ಬಹಳ ಹಿಡಿಸಿದೆ. ಕೆಲವೊಮ್ಮೆ ವೈಪರ್ ಬೀಳದಿದ್ದರೂ "ಏನೋ ಬಿದ್ದ ಹಾಗಾಯ್ತಲ್ಲ" ಎನ್ನುತ್ತಾರೆ.

ಅಳತೆಗಳ ವಿಷಯಕ್ಕೆ ಬಂದರೆ, ನನ್ನ ಕಾರುಗಳಲ್ಲಿ ಹೆಚ್ಚಿನವು 1:24. ಅಂದರೆ ಅಸಲಿ ಕಾರಿನ ಒಂದಡಿ ಇಲ್ಲಿ ಅರ್ಧ ಇಂಚು. 1:43 ಎಂಬ ವಿಚಿತ್ರ ಸಂಖ್ಯೆ ಬಂದದ್ದು ಆಟಿಕೆ ರೈಲಿನಿಂದ. ಬ್ರಿಟನ್ನಿನ ಹಾರ್ನ್‌ಬಿ ರೈಲುಗಳ ಪಕ್ಕ ನಿಲ್ಲಿಸಲೆಂದು 1930ರ ದಶಕದಲ್ಲಿ ಡಿಂಕಿ ಕಾರುಗಳು ಹುಟ್ಟಿದವು. ಆ ರೈಲಿನ ಲೆಕ್ಕ ಅಡಿಗೆ 7 ಮಿಲಿಮೀಟರ್. ಟ್ಯಾಂಕ್ ಕಟ್ಟುವವರ 1:35 ಇನ್ನೂ ಮಜವಾಗಿದೆ. ಜಪಾನಿನ ಶಿಜುವೊಕಾದ ತಮಿಯಾ ಕಂಪನಿಯವರು 1960ರ ದಶಕದ ಆರಂಭದಲ್ಲಿ ಓಡಾಡುವ ಪ್ಯಾಂಥರ್ ಟ್ಯಾಂಕ್ ಮಾಡಹೊರಟಾಗ ಅದರ ಹೊಟ್ಟೆಯೊಳಗೆ ಮೋಟರು, ಬ್ಯಾಟರಿ ಹಿಡಿಸಬೇಕಿತ್ತು. ಹಿಡಿಸುವಷ್ಟು ದೊಡ್ಡದು ಮಾಡಿ ಅಳೆದರೆ ಮೂವತ್ತೈದರಲ್ಲೊಂದು! ಇಂಗ್ಲೆಂಡಿನ ಜ್ಯಾಕ್ ಓಡೆಲ್ ಅವರ ಮಗಳ ಶಾಲೆಗೆ ಬೆಂಕಿಪೊಟ್ಟಣದೊಳಗೆ ಹಿಡಿಸುವ ಆಟಿಕೆಯನ್ನು ಮಾತ್ರ ಒಯ್ಯಬಹುದಿತ್ತು. ಅಪ್ಪ ಅಷ್ಟೇ ಗಾತ್ರದ ಹಿತ್ತಾಳೆಯ ರೋಡ್ ರೋಲರ್ ಮಾಡಿಕೊಟ್ಟರು. ಅದೇ ಜಾಡಿನಲ್ಲಿ 1953ರಲ್ಲಿ ಮ್ಯಾಚ್‌ಬಾಕ್ಸ್ ಕಾರುಗಳು ಮಾರುಕಟ್ಟೆಗೆ ಬಂದವು. ಶಾಸ್ತ್ರದಂತೆ ಕಾಣುವ ಎಷ್ಟೋ ಲೆಕ್ಕಗಳ ಹಿಂದೆ ಹೀಗೆ ಒಂದು ಬ್ಯಾಟರಿಯೋ ಬೆಂಕಿಪೊಟ್ಟಣವೋ ಕೂತಿರುತ್ತದೆ.

ತಮಿಯಾ ಅಂದಾಗ ನೆನಪಾಯಿತು. 1976ರಲ್ಲಿ ಬಂದ ಅವರ ಪೋರ್ಷೆ ಮಾಡೆಲ್ಲಿಗಾಗಿ ಕಂಪನಿಯವರು ಒಂದು ನಿಜವಾದ ಪೋರ್ಷೆ 911 ಕೊಂಡು, ಬಿಚ್ಚಿ, ಅಳೆದರು. ಮರಳಿ ಜೋಡಿಸಲು ಮಾತ್ರ ಪೋರ್ಷೆ ಬಲ್ಲ ತಂತ್ರಜ್ಞರನ್ನೇ ಕರೆಸಬೇಕಾಯಿತಂತೆ. ನಾನು ಬಿಚ್ಚಿ ಹಾಗೇ ಬಿಟ್ಟಿರುವ ಅಡುಗೆಮನೆಯ ಮಿಕ್ಸಿಗೆ ಈ ಕಥೆಯಿಂದ ಕೊಂಚ ಮರ್ಯಾದೆ ಬಂದಿದೆ.

ಈ ಹವ್ಯಾಸದ ನಿಜವಾದ ತಾಪತ್ರಯ ಇರುವುದು ಕುಗ್ಗದ ವಸ್ತುಗಳಲ್ಲಿ. ಕಾರನ್ನು ಇಪ್ಪತ್ತನಾಲ್ಕರಲ್ಲೊಂದು ಮಾಡಬಹುದು, ಬೆರಳನ್ನು ಮಾಡಲಾಗುವುದಿಲ್ಲ. ಬಣ್ಣವನ್ನೂ ಅಷ್ಟೆ. ಅಸಲಿ ಕಾರಿನ ಬಣ್ಣದ ಪದರ ಹೆಚ್ಚುಕಡಿಮೆ 0.1 ಮಿಲಿಮೀಟರ್. ನಾನು ಬ್ರಶ್ಶಿನಿಂದ ಅಷ್ಟೇ ದಪ್ಪ ಬಳಿದರೂ ಈ ಪುಟ್ಟ ಕಾರಿನ ಲೆಕ್ಕದಲ್ಲಿ ಅದು ಎರಡೂವರೆ ಮಿಲಿಮೀಟರಿನ ಗಿಲಾವು. ಬಾಗಿಲಿನ ಸಂದುಗಳೆಲ್ಲ ಮುಚ್ಚಿ ಕಾರು ಪ್ರಯಾಣಿಕರನ್ನು ಒಳಗೇ ಬಂಧಿಸಿಟ್ಟಂತೆ ಕಾಣುತ್ತದೆ. ಹಸಿ ಬಣ್ಣದ ಮೇಲೆ ತಲೆಯಿಂದ ಒಂದು ಕೂದಲು ಉದುರಿದರೆ ಬಾನೆಟ್ಟಿನ ಮೇಲೆ ಸುತಳಿ ಬಿದ್ದ ಹಾಗೆ. ನನ್ನ ತಲೆಯಲ್ಲಿ ಈಗ ಉದುರಲು ಹೆಚ್ಚೇನೂ ಉಳಿದಿಲ್ಲವಾದ್ದರಿಂದ ಕೆಲಸದ ಗುಣಮಟ್ಟ ವರ್ಷದಿಂದ ವರ್ಷಕ್ಕೆ ಸುಧಾರಿಸುತ್ತಿದೆ. ತೂಕ ಮಾತ್ರ ವಿಪರೀತ ವಿಧೇಯ. ಉದ್ದ, ಅಗಲ, ಎತ್ತರ ಮೂರೂ ಕುಗ್ಗುವುದರಿಂದ 24ನ್ನು ಮೂರು ಸಲ ಗುಣಿಸಿದ 13,824ರಿಂದ ಭಾಗಿಸಬೇಕು. ಟನ್ನು ತೂಗುವ ಕಾರು 72 ಗ್ರಾಂಗೆ ಇಳಿಯುತ್ತದೆ. ಬೆಲೆಗೂ ಇದೇ ಸೂತ್ರ ಹಾಕಿ ಎಂದು ಅಂಗಡಿಯವನಲ್ಲಿ ವಾದಿಸಿ ನೋಡಿದೆ. ಅವನಿಗೆ ಗಣಿತ ಬರುವುದಿಲ್ಲ.

ಕರಾವಳಿಯವನಾದ್ದರಿಂದ ನನಗೆ ಇನ್ನೊಂದು ಕಷ್ಟ, ಮಳೆಗಾಲ. ಗಾಳಿಯಲ್ಲಿ ತೇವವಿದ್ದಾಗ ಲ್ಯಾಕರ್ ಬಣ್ಣ ಸಿಂಪಡಿಸಿದರೆ ಅದು ಬಿಳಿಚಿಕೊಳ್ಳುತ್ತದೆ. ದ್ರಾವಕ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಬಣ್ಣದ ಮೇಲೆಯೇ ಕೂರುವುದು ಇದಕ್ಕೆ ಕಾರಣ. ಆದ್ದರಿಂದ ಜೂನ್ ಬಂತೆಂದರೆ ಬಣ್ಣದ ಡಬ್ಬಿಗಳಿಗೆ ಚಾತುರ್ಮಾಸ್ಯ. ಆ ಬಿಡುವಿನಲ್ಲೇ ಒಮ್ಮೆ ಗಾಜು ಕೂರಿಸಲು ಸೂಪರ್ ಗ್ಲೂ ಹಾಕಿದೆ. ಅದರ ಆವಿ ಮುಚ್ಚಿದ ಜಾಗದಲ್ಲಿ ಬಿಳಿ ಪುಡಿಯಾಗಿ ಕೂರುತ್ತದೆಂಬುದು ಬೆಳಗ್ಗೆ ಎದ್ದಾಗ ತಿಳಿಯಿತು. ವಿಂಡ್‌ಶೀಲ್ಡ್ ಪೊರೆ ಬಂದ ಕಣ್ಣಿನಂತೆ ನನ್ನನ್ನೇ ನೋಡುತ್ತಿತ್ತು. ಹಲ್ಲುಜ್ಜುವ ಪೇಸ್ಟಿನಿಂದ ತಿಕ್ಕಿದರೆ ಹೋಗುತ್ತದೆಂದು ಬಲ್ಲವರು ಹೇಳಿದರು. ಹೊರಗಿನದು ಹೋಯಿತು. ಪೊರೆ ಇದ್ದದ್ದು ಒಳಗೆ.

ಸರಿಯಾಗಿ ಕಟ್ಟಲು ಬಾರದವರಿಗೆ ದೇವರು ಕಸ್ಟಮೈಸೇಶನ್ ಎಂಬ ದಾರಿ ತೋರಿಸಿದ್ದಾನೆ. 1958ರಲ್ಲಿ ಅಮೆರಿಕದ ಎಎಂಟಿ ಕಂಪನಿ ತಂದ ಪೆಟ್ಟಿಗೆಗಳಲ್ಲಿ ಒಂದೇ ಕಾರನ್ನು ಮೂರು ಬಗೆಯಲ್ಲಿ ಕಟ್ಟುವಷ್ಟು ಬಿಡಿಭಾಗಗಳಿರುತ್ತಿದ್ದವು: ಶೋರೂಮಿನಿಂದ ಬಂದ ಹಾಗೆ, ರೇಸಿನ ಕಾರಾಗಿ, ಇಲ್ಲವೇ ಮನಸ್ಸಿಗೆ ಬಂದಂತೆ. ನಾನು ಹಿಡಿದದ್ದು ಮೂರನೆಯ ಮಾರ್ಗ. ಹಿಡಿದ ಕಾರು, ಜಾತ್ರೆಯ ಸಂತೆಯಲ್ಲಿ ಸಿಕ್ಕಿದ, ಹಿಂದಕ್ಕೆಳೆದು ಬಿಟ್ಟರೆ ಓಡುವ ಅಂಬಾಸಿಡರ್. ಪೆಟ್ಟಿಗೆಯ ಮೇಲೆ ಸ್ಕೇಲ್ ಇರಲಿಲ್ಲ. ಅಳೆದು ಭಾಗಿಸಿದರೆ ಉದ್ದ ಒಂದು ಸಂಖ್ಯೆ ಹೇಳಿತು, ಅಗಲ ಇನ್ನೊಂದು. ಅಸಲಿ ಅಂಬಾಸಿಡರಿನಲ್ಲೂ ಎರಡು ಬಾಗಿಲು ಒಂದೇ ಸಮ ಇರುತ್ತಿರಲಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಬಂಪರಿಗೆ ಚಾಕೊಲೇಟಿನ ಬೆಳ್ಳಿಹಾಳೆ, ಹಿಂದಿನ ಕಿಟಕಿಗೆ ಟಿಶ್ಯೂ ಕಾಗದದ ಪರದೆ, ಸೀಟಿನ ಮೇಲೆ ಸರಕಾರಿ ಸಾಹೇಬರ ಬಿಳಿ ಟವೆಲು ಹಾಕಿದೆ. ಕೆಂಪುಮಣ್ಣಿನ ಧೂಳಿಗೆಂದು ಅಂಗಳದ ಮಣ್ಣನ್ನೇ ಜರಡಿ ಹಿಡಿದು ಉದುರಿಸಿದೆ. ಧೂಳೂ ಕುಗ್ಗುವುದಿಲ್ಲ! ಕಾರಿನ ಮೇಲೆ ಜಲ್ಲಿ ಸುರಿದ ಹಾಗಾಯಿತು. ಕೊನೆಗೆ ಚಿತ್ರ ಬಿಡಿಸುವ ಬಣ್ಣದ ಸೀಮೆಸುಣ್ಣ ಕೆರೆದ ಪುಡಿಯನ್ನು ಒಣ ಬ್ರಶ್ಶಿನಿಂದ ಸವರಬೇಕಾಯಿತು.

ಪರೀಕ್ಷಕರು ಪಕ್ಕದ ಮನೆಯಲ್ಲೇ ಇದ್ದಾರೆ. ಇಡೀ ಆಯುಷ್ಯ ಗ್ಯಾರೇಜಿನಲ್ಲಿ ಕಳೆದ ಮೇಸ್ತ್ರಿ. 2014ರಲ್ಲಿ ಅಂಬಾಸಿಡರ್ ತಯಾರಿಕೆ ನಿಂತಾಗ ಮನೆಯವರಿಗಿಂತ ಹೆಚ್ಚು ಮರುಗಿದವರು. ಜಗಲಿಗೆ ಬಂದು ಕಾರನ್ನು ಅಂಗೈಯಲ್ಲಿಟ್ಟು ತಿರುಗಿಸಿದರು.

"ಗೇರು ನೆಲದಲ್ಲಿ ಎಂತಕ್ಕೆ? ಹಳೇದರಲ್ಲಿ ಸ್ಟೀರಿಂಗಿನ ಬುಡದಲ್ಲಿ ಅಲ್ವಾ ಇದ್ದದ್ದು?"

ಬ್ರಶ್ಶಿನ ಎಳೆಯೊಂದನ್ನು ಕಿತ್ತು ಗೇರನ್ನು ಸ್ಟೀರಿಂಗಿಗೆ ವರ್ಗಾಯಿಸಿದೆ. ಮರುವಾರ ಬಂದವರು ಕಾರನ್ನೆತ್ತಿ, ಅದು ನಿಂತಿದ್ದ ಜಾಗವನ್ನು ನೋಡಿದರು.

"ಅಂಬಾಸಿಡರ್ ಅಂತೀರಿ, ಕೆಳಗೆ ಒಂದು ಹನಿ ಆಯಿಲ್ ಇಲ್ಲ!"

ಹಲಗೆಯ ಮೇಲೆ ಕಪ್ಪು ಬಣ್ಣದ ಸಣ್ಣ ಕಲೆ ಮಾಡಿದೆ. ಮೇಸ್ತ್ರಿಯವರಿಗೆ ಸಂತೋಷವಾಯಿತು, ಗೇರ್‌ಬಾಕ್ಸಿನದ್ದು ಇನ್ನೊಂದು ಹನಿ ಸ್ವಲ್ಪ ಹಿಂದಕ್ಕೆ ಬರಬೇಕೆಂದು ಜಾಗ ತೋರಿಸಿಕೊಟ್ಟರು. ಇನ್ನು ಕಪಾಟಿಗೆ ಸೇರಿಸಬಹುದು ಅನ್ನುವಷ್ಟರಲ್ಲಿ ಉಗುರಿನಿಂದ ಮುಂದಿನ ಬಾಗಿಲು ತೆರೆದು ಮುಚ್ಚಿದರು. "ಇದು ಒಂದೇ ಸಲಕ್ಕೆ ಮುಚ್ಚುತ್ತದಲ್ಲ ಮಾರಾಯ್ರೆ" ಎಂದು ಬೇಸರದಿಂದ ಕೆಳಗಿಟ್ಟರು.

ಸದ್ಯ ಅದರ ಕೀಲು ಸಡಿಲ ಮಾಡುತ್ತಿದ್ದೇನೆ. ಎರಡನೇ ಸಲಕ್ಕೆ ಮುಚ್ಚಿದರೆ ಸಾಕೋ, ಮೂರನೆಯದಕ್ಕೋ ಎಂಬುದನ್ನು ಮೇಸ್ತ್ರಿಯವರು ಇನ್ನೂ ಹೇಳಿಲ್ಲ.