ಜುಲೈ 1ರ ಸಾಹೇಬ್ರು

ಕಲಘಟಗಿ ಬಸ್ ನಿಲ್ದಾಣದ ಆಸುಪಾಸು ಚಹಾ ಕುಡಿಯುತ್ತ ಪೇಪರ್ ಓದುವವರಿಗೆಲ್ಲ ನಮ್ಮ ವರದಿಗಾರ ಸಾಹೇಬ್ರ ವ್ಯಾಕರಣ ಬಾಯಿಪಾಠ. ಸರ್ಕಾರಿ ಆಸ್ಪತ್ರೆಯಲ್ಲಿ ಫ್ಯಾನ್ ತಿರುಗದಿದ್ದರೆ ಊರು, ವಾರ್ಡು, ಫೋಟೊ ಸಮೇತ ಸುದ್ದಿ. ಹುಬ್ಬಳ್ಳಿಯ ಖಾಸಗಿ ಆಸ್ಪತ್ರೆಯಲ್ಲಿ ಬಿಲ್ ನೋಡಿ ರೋಗಿಯ ಕಡೆಯವರು ಗದ್ದಲ ಎಬ್ಬಿಸಿದರೆ ಅದು ‘ನಗರದ ಆಸ್ಪತ್ರೆಯೊಂದರಲ್ಲಿ’. ಅದೇ ಆಸ್ಪತ್ರೆ ಯಾರದೋ ಮೊಣಕಾಲು ಬದಲಿಸಿತೆನ್ನಿ, ಹೆಸರು, ಡಾಕ್ಟರ ಅಷ್ಟೂ ಡಿಗ್ರಿ, ಕೊನೆಗೆ ಫೋನ್ ನಂಬರು.

ಮನುಷ್ಯ ಕೆಟ್ಟವರಲ್ಲ. ನಡುರಾತ್ರಿ ಯಾರಿಗಾದರೂ ಎದೆ ಹಿಡಿದರೆ ಮೊದಲ ಫೋನ್ ಇವರಿಗೇ. ಹುಬ್ಬಳ್ಳಿಯಲ್ಲಿ ಬೆಡ್ ಕೊಡಿಸುತ್ತಾರೆ, ಬಿಲ್ಲಿನಲ್ಲಿ ಒಂದಿಷ್ಟು ಕಡಿಮೆಯನ್ನೂ ಮಾಡಿಸುತ್ತಾರೆ. ಪತ್ರಿಕೆಯ ಗೌರವಧನ ಬೈಕಿನ ಪೆಟ್ರೋಲಿಗೇ ಸಾಲದು. ಮನೆ ನಡೆಯುವುದು ಜಾಹೀರಾತಿನ ಕಮಿಷನ್ನಿನಿಂದ.

ಜುಲೈ 1 ಇವರಿಗೆ ಸುಗ್ಗಿ. ಬಿ.ಸಿ. ರಾಯ್ ನೆನಪಿನ ವೈದ್ಯರ ದಿನ ಅಂದೇ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಬಂದದ್ದಕ್ಕೆ ನಮ್ಮ ಪತ್ರಿಕಾ ದಿನವೂ ಅಂದೇ. ಬೆಳಗ್ಗೆ ಸಾಹೇಬ್ರು ಡಾಕ್ಟರಿಗೆ ಶಾಲು ಹೊದಿಸುತ್ತಾರೆ. ಸಂಜೆ ಪತ್ರಿಕಾ ದಿನದ ವೇದಿಕೆಯಲ್ಲಿ ಡಾಕ್ಟರು ಸಾಹೇಬ್ರಿಗೆ ಹೊದಿಸುತ್ತಾರೆ. ಶಾಲು ಅದೇ ಇರಬೇಕೆಂದು ನನ್ನ ಗುಮಾನಿ.

ರೋಗಿಗಳನ್ನು ಸೆಳೆಯಲು ಡಾಕ್ಟರು ಜಾಹೀರಾತು ಕೊಡಬಾರದೆಂದು ವೈದ್ಯಕೀಯ ಪರಿಷತ್ತಿನ 2002ರ ನಿಯಮ ಹೇಳುತ್ತದೆ. ಹಾಗಾಗಿ ಅಂದಿನ ವಿಶೇಷ ಪುರವಣಿಯಲ್ಲಿ ಬರುವುದೆಲ್ಲ ‘ಶುಭಾಶಯ’ ಮತ್ತು ‘ಪರಿಚಯ ಲೇಖನ’. ಅರ್ಧ ಪುಟದವರು ಬಡವರ ಸಂಜೀವಿನಿ, ಕಾಲು ಪುಟದವರು ಸರಳ ಸಜ್ಜನರು, ಅದಕ್ಕೂ ಕಡಿಮೆಯವರು ಭರವಸೆಯ ಯುವ ವೈದ್ಯರು, ಅವರಿಗೆ ಅರವತ್ತು ದಾಟಿದ್ದರೂ ಸರಿ. 2024ರಲ್ಲಿ ದಾರಿ ತಪ್ಪಿಸುವ ಜಾಹೀರಾತಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಪತಂಜಲಿ ಕಂಪನಿಯವರನ್ನು ‘ಕ್ಷಮಾಪಣೆಯೂ ನಿಮ್ಮ ಜಾಹೀರಾತಿನಷ್ಟೇ ದೊಡ್ಡದಿದೆಯೇ’ ಎಂದು ಕೇಳಿದಾಗ ಸಾಹೇಬ್ರು ಹಿಗ್ಗಿದ್ದರು. ಕ್ಷಮಾಪಣೆಗೂ ಸೆಂಟಿಮೀಟರ್ ಲೆಕ್ಕದಲ್ಲೇ ದುಡ್ಡು ತಾನೆ!

ಸಕ್ಕರೆ ಕಾಯಿಲೆ ವಾಸಿ ಮಾಡುತ್ತೇವೆಂದು ಔಷಧ ಸಾರುವುದಕ್ಕೆ 1954ರ ಕಾನೂನಿನಲ್ಲೇ ತಡೆಯಿದೆ. ಆದರೂ ಮೊನ್ನೆ ಅಂಥದೊಂದು ಜಾಹೀರಾತು ಇವರ ಲೇಖನಕ್ಕೆ ಅಂಟಿಕೊಂಡೇ ಬಂತು. ಚಹಾದಂಗಡಿಯ ಅಜ್ಜ ಬಿಡಲಿಲ್ಲ.

“ಸರ, ನೀವು ಸಕ್ಕರಿ ರೋಗಕ್ಕ ಕಡೀತನಕ ಗುಳಿಗಿ ಬೇಕು ಅಂತ ಬರದೀರಿ. ಬಾಜೂಕ ನಲವತ್ತ ದಿನದಾಗ ಬೇರುಸಹಿತ ಹೊಕ್ಕೈತಿ ಅಂತೈತಿ. ಯಾವ್ದು ಖರೇ?”

“ಎರಡೂ ನಂದs ಅಜ್ಜಾ. ಒಂದಕ್ಕ ಹೆಸರು ಹಾಕ್ತಾರ, ಇನ್ನೊಂದಕ್ಕ ರೊಕ್ಕ ಕೊಡ್ತಾರ.”

“ನಿಮಗs ಶುಗರ್ ಬಂದ್ರ?”

“ಬಂದು ಆರು ವರ್ಷ ಆತು,” ಎಂದ ಸಾಹೇಬ್ರು ಅಂಗಿ ಜೇಬಿನಿಂದ ಮೆಟ್‌ಫಾರ್ಮಿನ್ ಗುಳಿಗೆ ತೆಗೆದು ನುಂಗಿ, ನೀರು ಕುಡಿದು, ದನಿ ತಗ್ಗಿಸಿದರು. “ಇದನ್ನ ಯಾರ ಮುಂದೂ ಹೇಳಬ್ಯಾಡ. ಆ ಪಾರ್ಟಿ ಮುಂದಿನ ವಾರಾನೂ ಜಾಹೀರಾತು ಕೊಡೋದೈತಿ.”