ಜೋಮು ತಾನೆ, ಹೋಗುತ್ತೆ ಬಿಡಿ!

ಗಡ್ಡೆ ಎಷ್ಟು ಮಿಲಿಮೀಟರ್ ಕುಗ್ಗಿದೆ ಎಂದು ನೋಡಲು ಸಿಟಿ ಸ್ಕ್ಯಾನ್ ಇದೆ. ಪ್ರತಿ ಕೀಮೋ ಸೈಕಲ್‌ಗೂ ಮುಂಚೆ ರಕ್ತಕಣಗಳ ಲೆಕ್ಕವೂ ಆಗುತ್ತದೆ. "ಬ್ಲೌಸಿನ ಹುಕ್ ಹಾಕಿಕೊಳ್ಳೋಕೆ ಆಗ್ತಿದೆಯೇನಮ್ಮ?" ಎಂದು ಕೇಳಲು ಮಾತ್ರ ಪುರುಸೊತ್ತಿಲ್ಲ. ಆ ಪ್ರಶ್ನೆಗೆ ಬಿಲ್ ಹಾಕಲು ಬರುವುದಿಲ್ಲ ನೋಡಿ.

ಪ್ಯಾಕ್ಲಿಟ್ಯಾಕ್ಸೆಲ್, ಆಕ್ಸಾಲಿಪ್ಲಾಟಿನ್, ವಿನ್‌ಕ್ರಿಸ್ಟಿನ್, ಬೊರ್ಟೆಜೊಮಿಬ್. ಈ ಕ್ಯಾನ್ಸರ್ ಔಷಧಿಗಳು ಕೈಕಾಲಿನ ನರ ಹಾಳು ಮಾಡುತ್ತವೆ ಎಂಬುದೇನು ಗುಟ್ಟೇ? ಹತ್ತಾರು ಅಧ್ಯಯನಗಳನ್ನು ಕೂಡಿಸಿ ನೋಡಿದ 2014ರ ವಿಶ್ಲೇಷಣೆಯಲ್ಲಿ, ಇಂಥ ಕೀಮೋ ಮುಗಿದ ಮೊದಲ ತಿಂಗಳು ನೂರಕ್ಕೆ 68 ಮಂದಿಗೆ ಈ ತೊಂದರೆ. ಆರು ತಿಂಗಳಾದ ಮೇಲೂ 30 ಮಂದಿಗೆ. ನಮ್ಮಲ್ಲಿ ಇದಕ್ಕೆ 'ಸಣ್ಣ ಸೈಡ್ ಎಫೆಕ್ಟ್' ಎನ್ನುತ್ತಾರೆ.

ಪತ್ತೆಗೆ ಬೇಕಾದದ್ದು 128 ಹರ್ಟ್ಸ್‌ನ ಒಂದು ಟ್ಯೂನಿಂಗ್ ಫೋರ್ಕ್. ಮಿಡಿದು ಕಾಲಿನ ಹೆಬ್ಬೆರಳ ಮೇಲಿಟ್ಟರೆ ಕಂಪನ ಗೊತ್ತಾಗುತ್ತದೋ ಇಲ್ಲವೋ, ಅಷ್ಟೇ. ಹಿಮ್ಮಡಿಯ ಸ್ನಾಯುರಜ್ಜುವಿಗೆ ಸುತ್ತಿಗೆಯ ಒಂದು ಏಟು. ಆದರೆ ಅವೆಲ್ಲ ಎಂಬಿಬಿಎಸ್ ಪರೀಕ್ಷೆಯ ದಿನ ಹೊರತೆಗೆಯುವ ಉತ್ಸವಮೂರ್ತಿಗಳು.

"ಹೇಗಿದ್ದೀರಮ್ಮ?"

"ಪರವಾಗಿಲ್ಲ ಸಾರ್. ಕಾಲು ಸ್ವಲ್ಪ ಜೋಮು."

"ಅದು ಇದ್ದದ್ದೇ. ಬಿ12 ಬರೆದಿದ್ದೀನಿ."

ಫೈಲಿನಲ್ಲಿ ನರಹಾನಿಯ ಅಳತೆಗೋಲಿನ ಪ್ರಕಾರ ಗ್ರೇಡ್ 1. ಅಡುಗೆಗೆ ಅಡ್ಡಿಯಾದರೆ ಗ್ರೇಡ್ 2, ಬಟ್ಟೆ ತೊಡಲಾಗದಿದ್ದರೆ ಗ್ರೇಡ್ 3 ಎನ್ನುತ್ತದೆ ಅದೇ ಅಳತೆಗೋಲು. ಅಡುಗೆಮನೆಯ ಸುದ್ದಿ ಕೇಳಿದವರು ಯಾರು?

ಇನ್ನು ಆ ಬಿ12 ಮಾತ್ರೆ. ಈ ನರಹಾನಿ ತಡೆಯಲು ಶಿಫಾರಸು ಮಾಡಬಹುದಾದ ಮದ್ದೇ ಇಲ್ಲ ಎಂದು ಅಮೆರಿಕದ ಕ್ಲಿನಿಕಲ್ ಆಂಕಾಲಜಿ ಸೊಸೈಟಿ 2020ರಲ್ಲಿ ಎರಡನೇ ಸಲ ಹೇಳಿತು. ಉಳಿದ ದಾರಿ ಒಂದೇ: ಬೇಗ ಕಂಡುಹಿಡಿಯುವುದು, ಡೋಸ್ ಇಳಿಸುವುದೋ ಮುಂದೂಡುವುದೋ ಯೋಚಿಸುವುದು. ಸರಿಯಾಗಿ ಅದನ್ನೇ ಮಾಡುವುದಿಲ್ಲ!

ಹಟ ಹಿಡಿದು ಕೇಳಿದರೆ ನರದ ಕರೆಂಟ್ ಪರೀಕ್ಷೆ ಬರೆಯುತ್ತಾರೆ. ಅದು ಅಳೆಯುವುದು ದಪ್ಪ ನರತಂತುಗಳನ್ನು. ಅಂಗಾಲು ಉರಿಸುತ್ತಿರುವುದು ಸಣ್ಣ ತಂತುಗಳಾದರೆ ರಿಪೋರ್ಟು ನಾರ್ಮಲ್. ಆಮೇಲೆ ಉರಿ ನಿಮ್ಮ ಮನಸ್ಸಿನದು.

ರೋಗಿಗಳೂ ಸಾಚಾಗಳಲ್ಲ. ಹೇಳಿದರೆ ಔಷಧಿ ಕಡಿಮೆ ಮಾಡಿಯಾರು ಎಂದು ಬಾಯಿ ಮುಚ್ಚಿಕೊಳ್ಳುತ್ತಾರೆ. ತಪ್ಪಿ ಬಾಯಿಬಿಟ್ಟರೆ ಮನೆಯವರಿದ್ದಾರಲ್ಲ, "ಕ್ಯಾನ್ಸರನ್ನೇ ಗೆದ್ದೆ, ಜೋಮಿಗೆ ಅಳ್ತೀಯಾ?" ಎನ್ನಲು. ಪ್ಲಾಟಿನಂ ಜಾತಿಯ ಔಷಧಿಗಳಂತೂ ನಿಲ್ಲಿಸಿದ ಮೇಲೂ ಕೆಲವು ತಿಂಗಳು ನರ ಕೆಡಿಸುತ್ತಲೇ ಇರಬಲ್ಲವು. ಅಷ್ಟರಲ್ಲಿ 'ಚಿಕಿತ್ಸೆ ಯಶಸ್ವಿ' ಎಂದು ಬರೆದು ಫೈಲು ಕಟ್ಟಿಯಾಗಿರುತ್ತದೆ.

ಅಕ್ಟೋಬರ್ ಬಂದರೆ ಗುಲಾಬಿ ಟೀ ಶರ್ಟಿನ ಜಾಗೃತಿ ನಡಿಗೆ. ಕಾಲಿಂದ ಚಪ್ಪಲಿ ಜಾರಿದ್ದೂ ತಿಳಿಯದ ಆಕೆಯನ್ನೇ ಮುಂದಿನ ಸಾಲಿಗೆ ತಳ್ಳುತ್ತಾರೆ, ಫೋಟೋಗೆ.